ಕೆಂದಿಯ ಕಾಲು, ಜಡೆಯನ ಅವಸರ

ಮಕ್ಕಳೇ, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತೆ ಕಾಣುವ ಗುಡ್ಡಗಳನ್ನು ನೀವು ನೋಡಿರಬಹುದು. ಅಂಥದೊಂದು ಗುಡ್ಡದ ಕೆಳಗೆ ಕುರುಚಲು ಕಾಡಿತ್ತು, ಕಾಡು ಮುಗಿಯುವಲ್ಲಿ ಒಂದು ಕೆರೆಯಿತ್ತು. ಕಾರೆ, ಬಾರೆ, ಜಾಲಿ, ಸೀತಾಫಲ ಬಿಟ್ಟರೆ ಅಲ್ಲಿ ಹೆಚ್ಚಿನ ಮರಗಳಿರಲಿಲ್ಲ. ಕೆರೆಯ ಏರಿಯ ಮೇಲೆ ಮಾತ್ರ ಒಂದು ಹೊಂಗೆ ಮರ ದಟ್ಟವಾಗಿ ಬೆಳೆದು ನೆರಳು ಚೆಲ್ಲುತ್ತಿತ್ತು.

ಗುಡ್ಡದ ನಡುವಿನ ಗವಿಯಲ್ಲಿ ಜಡೆಯ ಎಂಬ ಕರಡಿ ವಾಸವಾಗಿದ್ದ. ಮೈತುಂಬ ಕೂದಲು ಜೋತುಬಿದ್ದಿದ್ದರಿಂದ ಅವನಿಗೆ ಆ ಹೆಸರು. ಜಡೆಯ ಒಳ್ಳೆಯವನು. ಯಾರಿಗಾದರೂ ಕಷ್ಟ ಎಂದು ಕಿವಿಗೆ ಬಿದ್ದರೆ ಸಾಕು, ಎದ್ದು ಹೊರಟುಬಿಡುತ್ತಿದ್ದ. ಆದರೆ ಅವನಿಗೆ ಯಾವುದೂ ತಡವಾಗಬಾರದು. ಹುತ್ತ ಕಂಡರೆ ಒಂದೇ ಏಟಿಗೆ ಒಡೆಯಬೇಕು. ಜೇನು ಕಂಡರೆ ಹುಳು ಏಳುವ ಮೊದಲೇ ಕೈ ಹಾಕಬೇಕು. ಮನಸ್ಸು ಒಳ್ಳೆಯದಿದೆ, ತೋಳಿನಲ್ಲಿ ಶಕ್ತಿಯಿದೆ, ಮತ್ತೇಕೆ ಕಾಯಬೇಕು ಎಂದು ಅವನು ತಿಳಿದಿದ್ದ.

ಅವನ ಗವಿಯ ಕೆಳಗಿನ ಬಂಡೆಯ ನೆರಳಲ್ಲಿ ಕೆಂದಿ ಎಂಬ ನಾಯಿ ಇರುತ್ತಿದ್ದಳು. ಕೆಂಪು ಮಣ್ಣಿನ ಬಣ್ಣ, ಸಣಕಲು ಮೈ, ಒಂದು ಕಡೆಯ ಪಕ್ಕೆಯ ಮೇಲೆ ಕೂದಲು ಬಾರದ ಉದ್ದನೆಯ ಕಲೆ. ಒಂದು ವರ್ಷ ಕುರಿಗಾರರು ಕೆರೆಯಂಗಳದಲ್ಲಿ ಬಿಡಾರ ಹಾಕಿದ್ದರು. ಅವರು ಬಿಡಾರ ಕಿತ್ತು ಮುಂದಿನ ಊರಿಗೆ ಹೊರಟಾಗ ಕೆಂದಿ ಹಿಂದೆ ಹೋಗದೆ ಪೊದೆಯಲ್ಲಿ ಅಡಗಿ ಕುಳಿತಿದ್ದಳು. ಅಂದಿನಿಂದ ಕಾಡಿನಲ್ಲೇ ಇದ್ದಳು.

ಕೆಂದಿಗೆ ಎಲ್ಲದಕ್ಕೂ ಹೆದರಿಕೆ. ಎಲೆ ಬಿದ್ದರೆ ಬೆಚ್ಚುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಹಲ್ಲು ಕಿರಿದು ಬೊಗಳುತ್ತಿದ್ದಳು. ಇನ್ನೂ ಹತ್ತಿರ ಬಂದರೆ ಬಾಯಿ ಹಾಕುತ್ತಿದ್ದಳು. ಕಾಡಿನವರು ಅವಳನ್ನು ಸಿಡುಕಿ ಎಂದು ಕರೆದು ಸುತ್ತು ಬಳಸಿ ಓಡಾಡುತ್ತಿದ್ದರು. ಜಡೆಯನಿಗೆ ಮಾತ್ರ ಅವಳ ಮೇಲೆ ಅಕ್ಕರೆ. ಅವನು ಹುತ್ತದಲ್ಲಿ ಮೂತಿ ಇಟ್ಟು ಗೆದ್ದಲು ಹೀರುವಾಗ ಅವನಿಗೆ ಸುತ್ತಲಿನ ಸದ್ದೇ ಕೇಳಿಸುತ್ತಿರಲಿಲ್ಲ. ಒಮ್ಮೆ ಹಾಗೆ ಮೈಮರೆತಿದ್ದಾಗ ಚಿರತೆ ಹಿಂದಿನಿಂದ ಬಂದಿತ್ತು. ಕೆಂದಿ ಬಂಡೆಯ ಮೇಲೆ ನಿಂತು ಗಂಟಲು ಹರಿಯುವಂತೆ ಬೊಗಳಿ ಅವನನ್ನು ಎಚ್ಚರಿಸಿದ್ದಳು. ಅಂದಿನಿಂದ ಅವನು ಅವಳನ್ನು ತನ್ನವಳೆಂದೇ ಭಾವಿಸಿದ್ದ. ಅವಳೂ ಅವನನ್ನು ಅಣ್ಣ ಎನ್ನುತ್ತಿದ್ದಳು, ಮೈ ಮುಟ್ಟಲು ಮಾತ್ರ ಬಿಡುತ್ತಿರಲಿಲ್ಲ.

ಹೀಗಿರುವಾಗ ಕೆಂದಿಯ ಮುಂಗಾಲಿನ ಪಾದಕ್ಕೆ ಜಾಲಿಮುಳ್ಳು ನೆಟ್ಟು ಒಳಗೇ ಮುರಿಯಿತು. ಅವಳು ನೆಕ್ಕಿದಷ್ಟೂ ಪಾದ ಊದಿತು. ನಡೆಯುವಾಗ ಮೂರು ಕಾಲಲ್ಲಿ ಕುಂಟತೊಡಗಿದಳು. ಗಾಯದಿಂದ ವಾಸನೆ ಬರಲು ಶುರುವಾದಾಗ ಜಡೆಯನಿಗೆ ಗಾಬರಿಯಾಯಿತು.

ಕೆರೆ ಏರಿಯ ಹೊಂಗೆ ಮರದ ಕೆಳಗೆ ಕೊಕ್ಕರೆಯಜ್ಜಿ ಇದ್ದಳು. ಆ ಕಾಡಿಗೆಲ್ಲ ಅವಳೇ ವೈದ್ಯೆ. ನೀಳವಾದ ಕೊಕ್ಕಿನಿಂದ ಮುಳ್ಳು ಕೀಳುವುದು, ಮೈಗೆ ಕಚ್ಚಿದ ಉಣ್ಣೆಹುಳು ತೆಗೆಯುವುದು, ಬೇವಿನ ನೀರಲ್ಲಿ ಗಾಯ ತೊಳೆಯುವುದು ಎಲ್ಲ ಅವಳ ಕೆಲಸ. ಅಲ್ಲಿಗೆ ಹೋಗೋಣ ಎಂದು ಜಡೆಯ ಕೆಂದಿಗೆ ಹೇಳಿನೋಡಿದ. ಅವಳು ಬಾಲ ಮುದುರಿ ಬಂಡೆಯ ಒಳಕ್ಕೆ ಸರಿದಳು. ಕಾಲು ತಾನೇ ವಾಸಿಯಾಗುತ್ತದೆ, ಯಾರೂ ಮುಟ್ಟುವುದು ಬೇಡ ಎಂದಳು. ಮರುದಿನವೂ ಅದೇ ಮಾತು.

ಜಡೆಯನ ತಾಳ್ಮೆ ಮುಗಿಯಿತು. ಅವಳ ಒಳ್ಳೆಯದಕ್ಕೇ ತಾನೇ ಎಂದು ಒಂದು ಉಪಾಯ ಮಾಡಿದ.

"ಕೆಂದಿ, ಬಿಸಿಲು ಜೋರಾಗಿದೆ. ಬಾ, ಕೆರೆಗೆ ಹೋಗಿ ನೀರು ಕುಡಿದು ಬರೋಣ" ಎಂದು ಕರೆದ.

ಅಣ್ಣ ಕರೆದನಲ್ಲ ಎಂದು ಕೆಂದಿ ಕುಂಟುತ್ತಾ ಹೊರಟಳು. ಕೆರೆ ಹತ್ತಿರ ಬಂದಾಗ ಜಡೆಯ ನೀರಿನ ಕಡೆ ತಿರುಗದೆ ಏರಿಯ ಕಡೆ ತಿರುಗಿದ. ಮಟಮಟ ಮಧ್ಯಾಹ್ನ, ಹೊಂಗೆ ಮರದ ಕೆಳಗೆ ಸಂತೆಯಂತೆ ಗದ್ದಲ. ಕಾಡುಹಂದಿ ಕಿವಿಯ ಗಾಯ ತೋರಿಸಲು ಬಂದಿದ್ದ. ಮೊಲಗಳು ಸಾಲಾಗಿ ಕೂತಿದ್ದವು. ಮರದ ಮೇಲೆ ಮುಸುವಗಳು ಕೊಂಬೆ ಅಲ್ಲಾಡಿಸುತ್ತಿದ್ದವು. ಕೆಂದಿ ಅಲ್ಲೇ ನಿಂತುಬಿಟ್ಟಳು. ಕಿವಿ ಹಿಂದಕ್ಕೆ ಅಂಟಿದವು, ಮೈ ನಡುಗಿತು, ನಾಲಗೆಯಿಂದ ಮೂಗನ್ನು ಮತ್ತೆ ಮತ್ತೆ ನೆಕ್ಕಿಕೊಂಡಳು. ಜಡೆಯ ಅದನ್ನು ನೋಡಿದ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಕತ್ತಿನ ಹಿಂಭಾಗಕ್ಕೆ ಬಾಯಿ ಹಾಕಿ ಎತ್ತಿಕೊಂಡು ಗುಂಪಿನ ನಡುವೆ ನುಗ್ಗಿ ಕೊಕ್ಕರೆಯಜ್ಜಿಯ ಮುಂದೆ ಇಳಿಸಿದ. ಅವಳು ಏಳದಂತೆ ತನ್ನ ದೊಡ್ಡ ಪಂಜ ಅವಳ ಬೆನ್ನಿನ ಮೇಲೆ ಊರಿದ.

"ಅಜ್ಜಿ, ನಾನು ಹಿಡಿದಿದ್ದೀನಿ. ಬೇಗ ಕಿತ್ತುಬಿಡಿ" ಎಂದ.

ಅಜ್ಜಿ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ನೀಳ ಕೊಕ್ಕು ಎದುರಿಗೆ, ಬೆನ್ನ ಮೇಲೆ ಭಾರ, ಸುತ್ತ ಹತ್ತಾರು ಮುಖಗಳು. ಕೆಂದಿ ಕಿರುಚಿದಳು. ತಿರುಗಿ ಜಡೆಯನ ತೋಳಿಗೆ ಹಲ್ಲು ಇಳಿಸಿದಳು. ಅವನು ಪಂಜ ತೆಗೆದ ಕೂಡಲೇ ಮುಂದಕ್ಕೆ ಹಾರಿ ಕೊಕ್ಕರೆಯಜ್ಜಿಯ ರೆಕ್ಕೆಯನ್ನು ಕಚ್ಚಿ ಎಳೆದು, ಮೊಲಗಳ ಮೇಲೆ ಬಿದ್ದು, ಕೆರೆಯಂಚಿನ ಜೊಂಡಿನೊಳಗೆ ನುಗ್ಗಿ ಮಾಯವಾದಳು. ನೆಲದ ಮೇಲೆ ಬಿಳಿಯ ಗರಿಗಳು ಉಳಿದವು.

ಗದ್ದಲ ಅಡಗಿದ ಮೇಲೆ ಎಲ್ಲರೂ ಜಡೆಯನ ಮೇಲೆ ಮುಗಿಬಿದ್ದರು. ಇಂಥ ನಾಯಿಯನ್ನು ಇಟ್ಟುಕೊಂಡವನು ನೀನು ಎಂದು ಬೈದರು. ಅವಳನ್ನು ಗುಡ್ಡ ಬಿಟ್ಟು ಓಡಿಸಬೇಕು ಎಂದು ಕಾಡುಹಂದಿ ಪಟ್ಟು ಹಿಡಿದ. ಜಡೆಯನ ತೋಳಿನಿಂದ ರಕ್ತ ಇಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕಚ್ಚುವ ಮೊದಲು ಕೆಂದಿ ತನ್ನನ್ನು ನೋಡಿದ ನೋಟ ಅವನ ಕಣ್ಣಿಂದ ಹೋಗಲೊಲ್ಲದು. ಚಿರತೆಯನ್ನು ನೋಡುವಾಗ ಅವಳ ಕಣ್ಣು ಹಾಗಿರುತ್ತಿತ್ತು.

ಸಂಜೆ ಎಲ್ಲರೂ ಹೋದ ಮೇಲೆ ಅವನು ಅಜ್ಜಿಯ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. ರೆಕ್ಕೆಯ ಗರಿ ಹೋದದ್ದರಿಂದ ಅಜ್ಜಿ ಹಾರುವಂತಿರಲಿಲ್ಲ. ದಡದ ಕೆಸರಿನಲ್ಲಿ ಸಿಗುವ ಸಣ್ಣ ಮೀನನ್ನೇ ಹುಡುಕುತ್ತಿದ್ದಳು. ಅವನು ಕ್ಷಮೆ ಕೇಳಿದ. ಕೆಂದಿ ಇಷ್ಟು ಕೆಟ್ಟವಳೆಂದು ನನಗೆ ಗೊತ್ತಿರಲಿಲ್ಲ ಎಂದೂ ಹೇಳಿದ.

ಅಜ್ಜಿ ಮೀನು ಹುಡುಕುವುದನ್ನು ನಿಲ್ಲಿಸಿದಳು.

"ಜಡೆಯಾ, ಅವಳು ನನ್ನನ್ನು ಕಚ್ಚಲು ಬರಲಿಲ್ಲ. ತಪ್ಪಿಸಿಕೊಂಡು ಹೋಗಲು ನೋಡಿದಳು. ದಾರಿಯಲ್ಲಿ ನಾನಿದ್ದೆ, ಅಷ್ಟೇ."

ಆಮೇಲೆ ಒಂದೊಂದಾಗಿ ಕೇಳಿದಳು. ಯಾವ ಹೊತ್ತಿಗೆ ಕರೆತಂದೆ? ಗದ್ದಲದ ಹೊತ್ತಿಗೆ. ಅವಳು ನಿಂತಾಗ ನೀನು ನಿಂತೆಯಾ? ಇಲ್ಲ. ಎಲ್ಲಿಗೆ ಹೋಗುತ್ತೇವೆಂದು ಹೇಳಿದ್ದೆ? ಈ ಪ್ರಶ್ನೆಗೆ ಜಡೆಯ, ನೀರು ಕುಡಿಯಲು ಎಂದು ಹೇಳಿದ್ದೆ ಎಂದ. ಅವನ ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಈಗ ಅವಳಿಗೆ ಕೆರೆಯ ನೀರು ಕಂಡರೂ ಹೆದರಿಕೆಯಾಗುತ್ತದೆ" ಎಂದಳು ಅಜ್ಜಿ. "ನಿನ್ನನ್ನು ಕಂಡರಂತೂ ಇನ್ನೂ ಹೆದರಿಕೆ."

ಮುಳ್ಳು ಒಳಗೇ ಇದೆಯಲ್ಲ, ಇನ್ನೆಷ್ಟು ಕಾಲ ಕಾಯಬಹುದು ಎಂದು ಜಡೆಯ ಕೇಳಿದ. ಊತ ಪಾದದಲ್ಲೇ ಇರುವವರೆಗೆ ನಿಧಾನಕ್ಕೆ ಹೋಗಲು ಸಮಯವಿದೆ ಎಂದು ಅಜ್ಜಿ ತಿಳಿಸಿದಳು. ಅದು ಪಾದದ ಮೇಲಿನ ಗೆಣ್ಣು ದಾಟಿ ಮೇಲೇರಿದರೆ ಮತ್ತೆ ಹೊತ್ತುಕೊಂಡೇ ಬರಬೇಕಾಗುತ್ತದೆ. ಆಗ ಜೀವ ಉಳಿದರೂ ಅವಳು ಮುಂದೆಂದೂ ಯಾರನ್ನೂ ನಂಬುವುದಿಲ್ಲ. ಹಾಗಾಗಬಾರದು ಎಂದರೆ ಅವನು ಏನೇನು ಕಲಿಯಬೇಕು, ಅವಳಿಗೆ ಏನೇನು ಕಲಿಸಬೇಕು ಎಂದು ಕತ್ತಲಾಗುವವರೆಗೂ ವಿವರಿಸಿದಳು. ಜಡೆಯ ಜೀವನದಲ್ಲಿ ಮೊದಲ ಸಲ ಒಂದು ಮಾತನ್ನು ಕೊನೆಯವರೆಗೆ ಕೂತು ಕೇಳಿದ.

ಬೆಳಿಗ್ಗೆ ಅವನು ಹುಡುಕಲು ಹೊರಟ. ಕೆಂದಿ ಕೆರೆಯ ಆಚೆ ದಡದಲ್ಲಿ, ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಳು. ಅವನ ವಾಸನೆ ಬಂದ ಕೂಡಲೇ ಗುರ್ ಎಂದಳು. ಹಳೆಯ ಜಡೆಯನಾಗಿದ್ದರೆ ಸಂದಿಗೆ ಕೈ ಹಾಕಿ ಎಳೆಯುತ್ತಿದ್ದ. ಅವನ ಪಂಜವೇನೋ ತುಡಿಯಿತು. ಆದರೆ ಅವನು ದೂರದಲ್ಲಿ ಕುಳಿತ. ಅವಳಿಗೆ ಬೆನ್ನು ಮಾಡಿ ಕುಳಿತ. ತಂದಿದ್ದ ಜೇನುಹುಟ್ಟಿನ ತುಂಡನ್ನು ಎಲೆಯ ಮೇಲಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಎದ್ದುಹೋದ.

ಹೀಗೆ ದಿನವೂ ಬಂದ. ಏನನ್ನೂ ಕೇಳಲಿಲ್ಲ. ನೊಣ ಮುತ್ತದಂತೆ ಗಾಯವನ್ನು ನೀರಲ್ಲಿಟ್ಟುಕೋ ಎಂದು ಅಜ್ಜಿ ಹೇಳಿಕಳಿಸಿದ್ದನ್ನು ಮಾತ್ರ ದೂರದಿಂದಲೇ ತಿಳಿಸಿದ. ಮೊದಲು ಅವನು ಹೋದ ಮೇಲೆ ಜೇನು ತಿನ್ನುತ್ತಿದ್ದವಳು, ಆಮೇಲೆ ಅವನಿದ್ದಾಗಲೇ ತಿಂದಳು. ಒಂದು ದಿನ ಅವನ ಬೆನ್ನ ಹಿಂದೆ ಬಂದು ಮಲಗಿದಳು.

"ನೀರು ಕುಡಿಯೋಣ ಅಂದೆಯಲ್ಲ, ಅಣ್ಣ" ಎಂದಳು.

ಅವನು ತಿರುಗಲಿಲ್ಲ. "ಸುಳ್ಳು ಹೇಳಿದೆ. ತಪ್ಪು ಮಾಡಿದೆ" ಎಂದ.

ಆಗ ಕೆಂದಿ ತನ್ನ ಕಥೆ ಹೇಳಿದಳು. ಅವಳು ಬಿಡಾರದಲ್ಲಿ ಮರಿಯಾಗಿದ್ದಾಗ ಏನೋ ಕಾಯಿಲೆಯಾಗಿತ್ತಂತೆ. ಅವಳನ್ನು ಸಾಕಿದವರು ರೊಟ್ಟಿ ತೋರಿಸಿ ಕರೆದರು. ಬಾಲ ಆಡಿಸುತ್ತಾ ಹೋದಳು. ನಾಲ್ಕು ಜನ ಹಿಡಿದು ನೆಲಕ್ಕೆ ಒತ್ತಿದರು, ಒಬ್ಬ ಕಾದ ಕಬ್ಬಿಣ ತಂದು ಪಕ್ಕೆಗೆ ಬರೆ ಹಾಕಿದ. ಅವರೂ ಕೆಟ್ಟವರಾಗಿರಲಿಲ್ಲ, ರೋಗ ಹೋಗಲಿ ಎಂದೇ ಮಾಡಿದ್ದರು. ಆದರೆ ಅಂದಿನಿಂದ ಯಾರಾದರೂ ಪ್ರೀತಿಯಿಂದ ಕರೆದರೆ ಅವಳಿಗೆ ಇನ್ನೂ ಹೆಚ್ಚು ಭಯವಾಗುತ್ತಿತ್ತು. ಮೈಮೇಲೆ ಕೈ ಬಿದ್ದರೆ ಪಕ್ಕೆ ಉರಿಯುತ್ತಿತ್ತು.

ಅವಳ ಬೆನ್ನ ಮೇಲೆ ತಾನು ಪಂಜ ಊರಿದ್ದು ಜಡೆಯನಿಗೆ ನೆನಪಾಯಿತು. ಇನ್ನು ಮುಂದೆ ಏನು ಮಾಡುವುದಿದ್ದರೂ ಮೊದಲು ನಿನಗೆ ಹೇಳುತ್ತೇನೆ, ನೀನು ಬೇಡವೆಂದಾಗ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟ. ಕೆಂದಿ ಅದನ್ನು ನಂಬಿದಳೋ ಇಲ್ಲವೋ, ಆದರೆ ಅಂದು ಅವನ ಹಿಂದೆ ಕುಂಟುತ್ತಾ ಗುಡ್ಡಕ್ಕೆ ವಾಪಸು ಬಂದಳು.

ಅಲ್ಲಿಂದ ಅವರ ಅಭ್ಯಾಸ ಶುರುವಾಯಿತು. ಜಡೆಯ ಮೊದಲು ತನ್ನ ಪಂಜವನ್ನು ಅವಳ ಹತ್ತಿರ ನೆಲದ ಮೇಲೆ ಇಡುತ್ತಿದ್ದ. ಅವಳು ಮೂಸಿದರೆ ಒಂದು ಹನಿ ಜೇನು. ಆಮೇಲೆ ಭುಜಕ್ಕೆ ತಾಗಿಸಿ ತೆಗೆಯುತ್ತಿದ್ದ, ಮತ್ತೆ ಒಂದು ಹನಿ. ಭುಜದಿಂದ ತೋಳಿಗೆ, ತೋಳಿನಿಂದ ಕೆಳಕ್ಕೆ. ಅವಳು ಕಾಲು ಎಳೆದುಕೊಂಡರೆ ಅಲ್ಲಿಗೆ ಬಿಟ್ಟು, ಮರುದಿನ ಇನ್ನೂ ಮೇಲಿನಿಂದ ಆರಂಭಿಸುತ್ತಿದ್ದ.

ಈ ದಿನಗಳಲ್ಲಿ ಜಡೆಯನಿಗೆ ಒಂದು ವಿಷಯ ತಿಳಿಯಿತು. ಕೆಂದಿ ಬೊಗಳುವ ಮೊದಲೇ ಎಷ್ಟೋ ಮಾತಾಡುತ್ತಿದ್ದಳು. ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ನಿದ್ದೆ ಇಲ್ಲದಿದ್ದರೂ ಆಕಳಿಸುತ್ತಿದ್ದಳು. ಮೂಗು ನೆಕ್ಕಿಕೊಳ್ಳುತ್ತಿದ್ದಳು, ಕಣ್ಣಿನ ಬಿಳಿ ಕಾಣಿಸುತ್ತಿತ್ತು, ಮೈ ಕಲ್ಲಾಗುತ್ತಿತ್ತು. ಇವೆಲ್ಲ ಅವಳು ಬೇಡ ಎನ್ನುವ ರೀತಿ. ಯಾರೂ ಕೇಳಿಸಿಕೊಳ್ಳದಿದ್ದಾಗ ಮಾತ್ರ ಅವಳು ಹಲ್ಲು ತೋರಿಸುತ್ತಿದ್ದಳು. ಈಗ ಅವಳು ಆಕಳಿಸಿದರೆ ಅವನು ಪಂಜ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಅದನ್ನು ಕಂಡು ಅವಳಿಗೆ ಆಶ್ಚರ್ಯವಾಗುತ್ತಿತ್ತು.

ಅಜ್ಜಿ ಇನ್ನೊಂದು ಕೆಲಸ ಹೇಳಿದ್ದಳು. ನೋವಾದಾಗ ಎಂಥವರೂ ಬಾಯಿ ಹಾಕಬಹುದು, ಆದ್ದರಿಂದ ಎತ್ತುಗಳ ಮೂತಿಗೆ ಕಟ್ಟುವಂಥ ಒಂದು ಕುಕ್ಕೆ ಬೇಕು ಎಂದಿದ್ದಳು. ಜಡೆಯ ಜಾಲಿ ಮರದಲ್ಲಿ ಗೂಡು ಹೆಣೆಯುತ್ತಿದ್ದ ಗೀಜಗನ ಹತ್ತಿರ ಹೋದ. ಗೀಜಗ ತಲೆಕೆಳಗಾಗಿ ಜೋತುಬಿದ್ದು ಹುಲ್ಲೆಳೆ ಬಿಗಿಯುತ್ತಾ, ತಾನು ಮನೆ ಕಟ್ಟುವವನು, ಯಾರ ಬಾಯಿಗೂ ಬೀಗ ಹೆಣೆಯುವವನಲ್ಲ ಎಂದು ಮುಖ ಸಿಂಡರಿಸಿದ.

"ಬೀಗ ಬೇಡಪ್ಪ" ಎಂದ ಜಡೆಯ. "ಅವಳು ಬಾಯಿ ತೆರೆಯಬೇಕು, ನಾಲಗೆ ಚಾಚಿ ಏದುಸಿರು ಬಿಡಬೇಕು, ನೀರು ಕುಡಿಯಬೇಕು. ಹಲ್ಲು ಮಾತ್ರ ಯಾರಿಗೂ ತಾಗಬಾರದು."

ಹಾಗಾದರೆ ಅದು ಗೂಡೇ ಎಂದು ಗೀಜಗ ಒಪ್ಪಿಕೊಂಡ. ಮೊದಲ ಸಲ ಹೆಣೆದದ್ದು ತುಂಬ ಬಿಗಿಯಾಗಿತ್ತು. ಜಡೆಯ ತನ್ನ ಬೆರಳು ತೂರಿಸಿ ನೋಡಿ, ಇದರಲ್ಲಿ ಉಸಿರು ಕಟ್ಟುತ್ತದೆ ಎಂದು ಹಿಂದಕ್ಕೆ ಕೊಟ್ಟ. ಗೀಜಗ ಗೊಣಗುತ್ತಲೇ ಬಿಚ್ಚಿ ಅಗಲವಾಗಿ ಹೆಣೆದ. ಕಿವಿಯ ಹಿಂದೆ ಸಿಕ್ಕಿಸಲು ಮೆತ್ತನೆಯ ನಾರಿನ ಎಳೆಯನ್ನೂ ಇಟ್ಟ.

ಕುಕ್ಕೆ ನೋಡಿದ ದಿನ ಕೆಂದಿ ಹತ್ತಿರವೇ ಸುಳಿಯಲಿಲ್ಲ. ಜಡೆಯ ಅದನ್ನು ಕಾರೆಗಿಡದ ಕೊಂಬೆಗೆ ಸಿಕ್ಕಿಸಿ ಅದರ ತಳಕ್ಕೆ ಜೇನು ಸವರಿ ತನ್ನ ಪಾಡಿಗೆ ತಾನು ಹುತ್ತ ಕೆದಕಲು ಹೋದ. ವಾಪಸು ಬಂದಾಗ ಜೇನು ಹಾಗೇ ಇತ್ತು. ಮತ್ತೊಂದು ದಿನ ಅಂಚಿನ ಜೇನು ಮಾತ್ರ ಹೋಗಿತ್ತು. ಕೆಲವು ದಿನಗಳಲ್ಲಿ ಕೆಂದಿ ತಾನೇ ಮೂತಿ ಒಳಗಿಟ್ಟು ತಳದ ಜೇನು ನೆಕ್ಕತೊಡಗಿದಳು. ಎಳೆಯನ್ನು ಕಿವಿಗೆ ಸಿಕ್ಕಿಸಲು ಇನ್ನೂ ಹೊತ್ತು ಹಿಡಿಯಿತು. ಸಿಕ್ಕಿಸಿದ ಕೂಡಲೇ ಜಡೆಯ ತೆಗೆದುಬಿಡುತ್ತಿದ್ದ. ಹಾಗಾಗಿ ಅದು ಬೇಕೆಂದಾಗ ಬಿಚ್ಚಿಕೊಳ್ಳುವ ವಸ್ತು ಎಂದು ಅವಳಿಗೆ ಮನವರಿಕೆಯಾಯಿತು.

ಇದೆಲ್ಲದರ ಜೊತೆಗೆ ಅವರು ಕೆರೆ ಏರಿಯ ಕಡೆಗೂ ಹೋಗುತ್ತಿದ್ದರು. ಹೊರಡುವ ಮುನ್ನ ಜಡೆಯ, ಇವತ್ತು ಬರಿ ಮರ ನೋಡಿ ಬರೋಣ, ಯಾರೂ ಮುಟ್ಟುವುದಿಲ್ಲ ಎಂದು ಹೇಳುತ್ತಿದ್ದ. ಹೇಳಿದಂತೆಯೇ ಆಗುತ್ತಿತ್ತು. ಯಾರೂ ಇಲ್ಲದ ಮುಂಜಾನೆ, ಗುಂಪು ಬರುವ ದಾರಿ ಬಿಟ್ಟು ಜೊಂಡಿನ ಮರೆಯ ದಾರಿ. ಕೊಕ್ಕರೆಯಜ್ಜಿ ಅವಳ ಕಡೆ ನೋಡುತ್ತಲೇ ಇರಲಿಲ್ಲ. ನೀರಿನ ಕಡೆ ಮುಖ ಮಾಡಿ, ಕೊಕ್ಕು ಎದೆಗೆ ಆನಿಸಿ ಪಕ್ಕಕ್ಕೆ ತಿರುಗಿ ನಿಂತಿರುತ್ತಿದ್ದಳು. ಆಗಾಗ ಒಂದು ಸಣ್ಣ ಮೀನು ಹಿಡಿದು ಹಿಂದಕ್ಕೆ ಎಸೆಯುತ್ತಿದ್ದಳು. ತನಗೇ ಮೀನು ಸಿಗುವುದು ಕಷ್ಟವಾಗಿದ್ದ ಕಾಲ ಅದು. ಕೆಂದಿ ಮೀನು ತಿಂದು, ಬಾಲದ ತುದಿಯನ್ನು ಸ್ವಲ್ಪವೇ ಅಲ್ಲಾಡಿಸಿ ಮನೆಗೆ ಬರುತ್ತಿದ್ದಳು.

ಆದರೆ ಮುಳ್ಳು ಯಾರಿಗೂ ಕಾಯುವುದಿಲ್ಲವಲ್ಲ. ಒಂದು ಬೆಳಿಗ್ಗೆ ಊತ ಗೆಣ್ಣಿನ ಹತ್ತಿರಕ್ಕೆ ಬಂದಿತ್ತು. ಜಡೆಯ ತಡಮಾಡದೆ, ಇವತ್ತು ಮುಳ್ಳು ಕೀಳಿಸೋಣ ಎಂದು ಕೆಂದಿಗೆ ಹೇಳಿದ. ಅವಳು ಒಪ್ಪಿ ಕುಕ್ಕೆ ಹಾಕಿಸಿಕೊಂಡು ಹೊರಟಳು. ಜೊಂಡು ದಾಟಿ ಹೊಂಗೆ ಮರ ಇನ್ನೇನು ಕೈಗೆಟುಕುವಷ್ಟು ಹತ್ತಿರವಿದೆ ಎನ್ನುವಾಗ ಮುಸುವಗಳ ಹಿಂಡು ಎಲ್ಲಿಂದಲೋ ಬಂದು ಕೊಂಬೆಗಳ ಮೇಲೆ ಧಡಧಡ ಬಿತ್ತು. ಕೆಂದಿ ನಿಂತಳು. ಕಿವಿ ಅಂಟಿದವು. ನಡುಗುತ್ತಾ ಕುಕ್ಕೆಯೊಳಗೆ ಮೂಗು ನೆಕ್ಕಿಕೊಂಡಳು.

ಜಡೆಯ ಮರ ನೋಡಿದ, ಅವಳ ಕಾಲು ನೋಡಿದ. ಇಷ್ಟು ದೂರ ಬಂದಾಗಿದೆ. ಬಾಯಿಗೆ ಕುಕ್ಕೆ ಇದೆ, ಕಚ್ಚುವಂತಿಲ್ಲ. ಎತ್ತಿಕೊಂಡು ನಾಲ್ಕು ಹೆಜ್ಜೆ ಓಡಿದರೆ ಕೆಲಸ ಮುಗಿಯುತ್ತದೆ. ಇವತ್ತು ಬಿಟ್ಟರೆ ನಾಳೆ ಊತ ಎಲ್ಲಿಗೆ ಏರಿರುತ್ತದೋ ಯಾರಿಗೆ ಗೊತ್ತು. ಅವನ ಮೈಯ ಶಕ್ತಿಯೆಲ್ಲ ಪಂಜಕ್ಕೆ ಬಂದು ನಿಂತಂತಾಯಿತು. ಕೆಂದಿ ತಲೆ ಎತ್ತಿ ಅವನ ಮುಖ ನೋಡಿದಳು.

"ಹೋಗೋಣ ಬಾ, ಮನೆಗೆ" ಎಂದ ಜಡೆಯ.

ಹೇಳಿ ಅವನೇ ಮೊದಲು ತಿರುಗಿದ. ದಾರಿಯುದ್ದಕ್ಕೂ ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವನ ಮನಸ್ಸು ಹೊಯ್ದಾಡಿತು. ಅವಳನ್ನು ಬಂಡೆಯ ಹತ್ತಿರ ಬಿಟ್ಟು, ಒಬ್ಬನೇ ಅಜ್ಜಿಯ ಹತ್ತಿರ ಓಡಿಹೋಗಿ ನಡೆದದ್ದನ್ನು ಹೇಳಿದ. ಅಜ್ಜಿ ಊತ ಎಲ್ಲಿಯವರೆಗಿದೆ ಎಂದು ಎರಡೆರಡು ಸಲ ಕೇಳಿದಳು. ನಾಳೆ ಬೆಳಗಿನವರೆಗೆ ಕಾಯಬಹುದು, ಅದಕ್ಕಿಂತ ಆಚೆಗೆ ಇಲ್ಲ ಎಂದಳು. ನಾಳೆ ಅವಳು ಮರದವರೆಗೆ ಬರುವುದು ಬೇಡ, ತಾನೇ ಜೊಂಡಿನ ಅಂಚಿಗೆ ಬರುತ್ತೇನೆ ಎಂದೂ ಹೇಳಿದಳು.

ಮರುದಿನ ಬೆಳಕು ಹರಿಯುವಾಗ ಜಡೆಯ ಗವಿಯಿಂದ ಹೊರಬಂದ. ಕೆಂದಿ ಆಗಲೇ ಎದ್ದು ಕಾರೆಗಿಡದ ಹತ್ತಿರ ನಿಂತಿದ್ದಳು. ಅವಳ ಮೂಗಿನ ಎದುರಿಗೇ ಕುಕ್ಕೆ ತೂಗುತ್ತಿತ್ತು.

"ಅಣ್ಣ, ಇವತ್ತು ಏನು ಮಾಡುತ್ತಾರೆ? ನಿಜ ಹೇಳು."

"ಮುಳ್ಳು ಕೀಳುತ್ತಾರೆ. ನೋವಾಗುತ್ತೆ."

"ತುಂಬಾನಾ?"

"ತುಂಬಾನೇ. ಆಮೇಲೆ ಕಡಿಮೆಯಾಗುತ್ತೆ."

"ಮಧ್ಯದಲ್ಲಿ ನಾನು ಬೇಡ ಅಂದರೆ?"

"ಅಜ್ಜಿ ಕೊಕ್ಕು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ನೀನು ಸುಧಾರಿಸಿಕೊಂಡ ಮೇಲೆ ಮತ್ತೆ ಕೇಳುತ್ತಾರೆ."

ಕೆಂದಿ ಸ್ವಲ್ಪ ಹೊತ್ತು ನೆಲ ಮೂಸುತ್ತಾ ನಿಂತಳು. ಆಮೇಲೆ ತಾನೇ ಮೂತಿಯನ್ನು ಕುಕ್ಕೆಗೆ ತೂರಿಸಿದಳು. ನಿನ್ನೆ ನಾನು ನಿಂತಾಗ ನೀನು ವಾಪಸು ತಿರುಗಿದೆಯಲ್ಲ, ಅದಕ್ಕೇ ಇವತ್ತು ಬರುತ್ತಿದ್ದೇನೆ ಎಂದಳು.

ಜೊಂಡಿನ ಅಂಚಿನಲ್ಲಿ ಕೊಕ್ಕರೆಯಜ್ಜಿ ನೀರಿನಲ್ಲಿ ಪಕ್ಕಕ್ಕೆ ತಿರುಗಿ ನಿಂತಿದ್ದಳು. ಜಡೆಯ ಕೆಂದಿಯ ಬದಿಗೆ ಕುಳಿತ. ಹಿಡಿಯಲಿಲ್ಲ. ತನ್ನ ಪಂಜವನ್ನು ಅಂಗಾತ ನೆಲದ ಮೇಲೆ ಇಟ್ಟ. ಕೆಂದಿ ಸುತ್ತ ನೋಡಿದಳು, ಗಾಳಿ ಮೂಸಿದಳು. ನಡುಗುವ ಕಾಲನ್ನು ಎತ್ತಿ ಅವನ ಪಂಜದ ಮೇಲೆ ಇಟ್ಟಳು.

"ಈಗ ಮುಟ್ಟುತ್ತೇನೆ, ಮಗಳೇ" ಎಂದಳು ಅಜ್ಜಿ.

ಕೊಕ್ಕು ಗಾಯದೊಳಗೆ ಇಳಿಯಿತು. ಕೆಂದಿ ಚೀರಿ ತಲೆ ಬೀಸಿ ಕಚ್ಚಲು ಹೋದಳು. ಕುಕ್ಕೆ ಅಜ್ಜಿಯ ಕುತ್ತಿಗೆಗೆ ತಾಗಿ ಹುಲ್ಲು ಸರಬರ ಎಂದಿತು, ಅಷ್ಟೇ. ಕಾಲನ್ನು ಎಳೆದುಕೊಂಡು ಅವಳು ಹಿಂದೆ ಸರಿದಳು. ಯಾರೂ ಬೈಯಲಿಲ್ಲ. ಯಾರೂ ಹಿಡಿಯಲು ಬರಲಿಲ್ಲ. ಅಜ್ಜಿ ಕೊಕ್ಕನ್ನು ನೀರಿಗೆ ಅದ್ದಿ ಕೆರೆಯ ಕಡೆ ನೋಡುತ್ತಾ ನಿಂತಳು. ಜಡೆಯನ ಪಂಜ ನೆಲದ ಮೇಲೆ ಹಾಗೇ ಇತ್ತು. ಅದನ್ನು ಅಲ್ಲಿ ಸುಮ್ಮನೆ ಇಟ್ಟುಕೊಂಡಿರುವುದು ಅವನಿಗೆ ಹುತ್ತ ಒಡೆಯುವುದಕ್ಕಿಂತ, ಬಂಡೆ ಉರುಳಿಸುವುದಕ್ಕಿಂತ ಕಷ್ಟವಾಯಿತು.

ಸೂರ್ಯ ಕೆರೆಯ ಆಚೆಗೆ ಪೂರ್ತಿ ಮೇಲೆ ಬಂದ. ಕೆಂದಿ ಒಂದು ದೀರ್ಘ ಉಸಿರು ಬಿಟ್ಟಳು. ಮತ್ತೆ ಬಂದು ಕಾಲನ್ನು ಅದೇ ಪಂಜದ ಮೇಲಿಟ್ಟು ಕಣ್ಣು ಮುಚ್ಚಿದಳು.

ಈ ಸಲ ಅಜ್ಜಿಯ ಕೊಕ್ಕಿಗೆ ಮುಳ್ಳು ಸಿಕ್ಕಿತು. ಕೀವಿನ ಜೊತೆ ಅದು ಹೊರಗೆ ಬಂದಾಗ ಕೆಂದಿಯ ಬಾಯಿಂದ ಸಣ್ಣ ದನಿ ಮಾತ್ರ ಹೊರಟಿತು. ಅಜ್ಜಿ ಬೇವಿನ ನೀರಿನಿಂದ ಗಾಯ ತೊಳೆದಳು. ಜಡೆಯ ಮೊದಲು ಕುಕ್ಕೆ ಬಿಚ್ಚಿದ. ತಾನು ತಂದಿದ್ದ ಜೇನನ್ನು ಅವಳ ಮುಂದಿಟ್ಟ. ಆದರೆ ಅವಳು ಜೇನು ಮುಟ್ಟದೆ, ತನ್ನ ಹಲ್ಲಿನ ಗುರುತು ಉಳಿದಿದ್ದ ಅವನ ತೋಳನ್ನು ನಿಧಾನವಾಗಿ ನೆಕ್ಕತೊಡಗಿದಳು.

ಕೆಂದಿ ಅಂದಿನಿಂದ ಧೈರ್ಯವಂತಳಾದಳು ಎಂದುಕೊಳ್ಳಬೇಡಿ, ಮಕ್ಕಳೇ. ಕಾಲು ವಾಸಿಯಾದರೂ ಸಣ್ಣ ಕುಂಟು ಉಳಿಯಿತು. ಮುಸುವಗಳನ್ನು ಕಂಡರೆ ಈಗಲೂ ಬೊಗಳುತ್ತಾಳೆ, ಕಾಡುಹಂದಿ ಈಗಲೂ ಅವಳನ್ನು ಸಿಡುಕಿ ಎನ್ನುತ್ತಾನೆ. ಅಜ್ಜಿಯ ರೆಕ್ಕೆಗೆ ಹೊಸ ಗರಿ ಮೂಡಲು ಮುಂದಿನ ಮಳೆಗಾಲವೇ ಬರಬೇಕಾಯಿತು.

ಗಾಯ ಮಾಯುವವರೆಗೆ ಆಗಾಗ ಬಂದು ತೊಳೆಸಿಕೊಂಡು ಹೋಗಬೇಕು ಎಂದು ಅಜ್ಜಿ ಹೇಳಿದ್ದಳು. ಒಂದು ಬೆಳಿಗ್ಗೆ ಜಡೆಯ ಎದ್ದು ನೋಡಿದರೆ ಬಂಡೆಯ ಕೆಳಗೆ ಕೆಂದಿ ಇರಲಿಲ್ಲ. ಗಾಬರಿಯಿಂದ ಸುತ್ತ ಹುಡುಕಿ, ಕೊನೆಗೆ ಗುಡ್ಡದ ಅಂಚಿಗೆ ಬಂದು ಕೆಳಗೆ ನೋಡಿದ. ಕೆಂಪು ಚುಕ್ಕೆಯಂತೆ ಅವಳು ಜೊಂಡಿನ ದಾರಿಯಲ್ಲಿ ಒಬ್ಬಳೇ ಹೋಗುತ್ತಿದ್ದಳು. ಮರದ ಮೇಲೆ ಏನೋ ಅಲ್ಲಾಡಿತು. ಅವಳು ನಿಂತಳು, ಜೊಂಡಿನ ಮರೆಗೆ ಸರಿದಳು. ಜಡೆಯನ ಕಾಲು ತಾನಾಗಿ ಇಳಿಜಾರಿನ ಕಡೆ ಎರಡು ಹೆಜ್ಜೆ ಇಟ್ಟಿತು.

ಆಮೇಲೆ ಅವನು ನಿಂತ. ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತ. ಕೆಳಗೆ ಕೆಂದಿ ಬಹಳ ಹೊತ್ತು ಕಾದಳು. ಮರದ ಸದ್ದಡಗಿದ ಮೇಲೆ ಜೊಂಡಿನಿಂದ ಹೊರಬಂದು, ಬಾಲ ಇನ್ನೂ ಅರ್ಧ ಮುದುರಿಕೊಂಡೇ, ಅಜ್ಜಿ ಇದ್ದ ಕಡೆಗೆ ನಡೆದಳು.

ನೀತಿ: ಹೆದರಿದವರನ್ನು ಬಲವಂತದಿಂದ ಎಳೆದರೆ ಹೆದರಿಕೆ ಬೆಳೆಯುತ್ತದೆ, ನಿಜ ಹೇಳಿ, ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಡೆದರೆ ನಂಬಿಕೆ ಬೆಳೆಯುತ್ತದೆ.